ಹಾವಿನ ವಿಷಕ್ಕೆ ಬೇರು, ಸೊಪ್ಪು, ತೊಗಟೆ: ಅಜ್ಜನ ಮದ್ದನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಪಶ್ಚಿಮಕ್ಕೆ, ಘಟ್ಟದ ಅಂಚಿನಲ್ಲಿರುವ ಹಳ್ಳಿ. ಪೇಟೆಯ ಆಸ್ಪತ್ರೆಗೆ ಸುಮಾರು 35 ಕಿಲೋಮೀಟರ್. ಮಳೆಗಾಲದಲ್ಲಿ ಮೊದಲ ಐದಾರು ಕಿಲೋಮೀಟರ್ ರಸ್ತೆಗೆ ಜೀಪು ಬಿಟ್ಟರೆ ಬೇರೆ ವಾಹನ ಇಳಿಯುವುದಿಲ್ಲ. ನನ್ನ ಅಜ್ಜ ಹಾವು ಕಚ್ಚಿದವರಿಗೆ ಔಷಧ ಕೊಡುತ್ತಿದ್ದರು. ಈಶ್ವರಿ ಬೇರು, ಸರ್ಪಗಂಧ ಮತ್ತು ಅಂಕೋಲೆ ಮರದ ತೊಗಟೆಯನ್ನು ಅಕ್ಕಚ್ಚಿನಲ್ಲಿ ತೇಯ್ದು ಕುಡಿಸಿ, ಉಳಿದದ್ದನ್ನು ಗಾಯಕ್ಕೆ ಹಚ್ಚುತ್ತಿದ್ದರು. ‘ಅಜ್ಜನ ಕೈಯಲ್ಲಿ ಸತ್ತವರಿಲ್ಲ’ ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ತುಂಬುವಾಗ ನಮ್ಮ ಕೆಲಸದವರೊಬ್ಬರ ಬೆರಳಿಗೆ ಗಿಡ್ಡನೆಯ ಕಂದು ಹಾವು ಕಚ್ಚಿತು. ತೋಳಿಗೆ ಹಗ್ಗ ಬಿಗಿದು, ಅಜ್ಜನ ಕ್ರಮದಲ್ಲೇ ಮದ್ದು ಕುಡಿಸಿ, ಸಂಜೆಯವರೆಗೆ ಕಾದೆವು. ಕೈ ಮೊಣಕೈವರೆಗೆ ಬಾತ ಮೇಲೆ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಆದರೆ ಬೆರಳಿನ ತುದಿ ಹೋಯಿತು, ಕೆಲವು ದಿನ ಮೂತ್ರಪಿಂಡದ ತೊಂದರೆಯೂ ಆಯಿತು. ‘ಈ ಹಾವಿಗೆ ಇಂಜೆಕ್ಷನ್ ಹಿಡಿಯುವುದಿಲ್ಲ’ ಎಂದು ವೈದ್ಯರೇ ಹೇಳಿದರು. ಹಾಗಿರುವಾಗ ಅಜ್ಜನ ಮದ್ದಿನಲ್ಲಿ ನಿಜಕ್ಕೂ ಏನಾದರೂ ಸತ್ವವಿದೆಯೇ? ಆಸ್ಪತ್ರೆ ಮುಟ್ಟುವವರೆಗಾದರೂ ಅದನ್ನು ಕುಡಿಸಬಹುದೇ? ಇಂಜೆಕ್ಷನ್ನಿನಿಂದಲೇ ಸಾಯುವವರಿದ್ದಾರೆ ಎನ್ನುತ್ತಾರಲ್ಲ, ಅದು ಹೌದೇ? ತೋಟದ ಅಂಚಿನಲ್ಲಿ ಈ ಜಾತಿಯ ಗಿಡ ಬೆಳೆಸಬೇಕೆಂದಿದ್ದೇನೆ, ಯಾವುದನ್ನು ಬೆಳೆಸಲಿ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ, ಆದರೆ ಅವುಗಳ ಹಿಂದಿರುವ ಆತಂಕ ಒಂದೇ: ಹಾವು ಹತ್ತಿರದಲ್ಲಿದೆ, ಆಸ್ಪತ್ರೆ ದೂರದಲ್ಲಿದೆ, ನಡುವಿನ ಎರಡು ಗಂಟೆ ಸುಮ್ಮನೆ ಕೂರುವುದು ಹೇಗೆ? ಘಟ್ಟದ ಮೇಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಈ ಆತಂಕ ಹೊಸದಲ್ಲ. ಮುಖ್ಯವಾದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿಯಲ್ಲಿ ಯಾವ ಮದ್ದನ್ನೂ ಕುಡಿಸಬೇಡಿ, ಅಜ್ಜನದ್ದನ್ನೂ ಕೂಡ. ಆದರೆ ಆ ಗಿಡಗಳಲ್ಲಿ ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಅವುಗಳಲ್ಲಿ ಇರುವುದು ಬೇಕಾದ ಹೊತ್ತಿಗೆ, ಬೇಕಾದ ಜಾಗಕ್ಕೆ, ಬೇಕಾದ ಪ್ರಮಾಣದಲ್ಲಿ ತಲುಪುವಂತೆ ಮಾಡಿದ ಔಷಧ ಇನ್ನೂ ತಯಾರಾಗಿಲ್ಲ ಎಂಬುದಷ್ಟೇ ನನ್ನ ಮಾತು.

ಮೊದಲಿಗೆ ‘ಅಜ್ಜನ ಕೈಯಲ್ಲಿ ಸತ್ತವರಿಲ್ಲ’ ಎಂಬ ಮಾತನ್ನು ನೋಡೋಣ. ಇದನ್ನು ಸುಳ್ಳೆಂದು ತಳ್ಳಿಹಾಕುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿದ್ದು, ವಿಷದ ಜಾತಿಗಳು ಸುಮಾರು 60 ಮಾತ್ರ. ಗದ್ದೆಯಲ್ಲಿ, ತೋಟದ ಕಾಲುವೆಯಲ್ಲಿ ಕಚ್ಚುವುದು ಹೆಚ್ಚಾಗಿ ನೀರೊಳ್ಳೆ ಅಥವಾ ಕೇರೆ. ಮನೆಯ ಗೋಡೆಯ ಮೇಲೆ ಹಲ್ಲಿ ಹುಡುಕುತ್ತ ಬರುವ ತೋಳದ ಹಾವನ್ನು ಕಟ್ಟುಹಾವೆಂದು ತಿಳಿದು ಹೆದರಿ ಬರುವವರನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇವೆ. ಇನ್ನು ನಿಜವಾದ ವಿಷದ ಹಾವು ಕಚ್ಚಿದಾಗಲೂ ಗಣನೀಯ ಪಾಲು ಸಂದರ್ಭಗಳಲ್ಲಿ ಅದು ಹಲ್ಲನ್ನಷ್ಟೇ ಊರುತ್ತದೆ, ವಿಷ ಬಿಡುವುದಿಲ್ಲ, ಅಥವಾ ಜೀವ ತೆಗೆಯುವಷ್ಟು ಬಿಡುವುದಿಲ್ಲ. ಇದು ಹೊಸ ಶೋಧವೇನೂ ಅಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹಾವಿನ ಕಡಿತವನ್ನು ಸರ್ಪಿತ, ರದಿತ, ನಿರ್ವಿಷ ಎಂದು ಮೂರಾಗಿ ವಿಂಗಡಿಸಿದ್ದಾರೆ. ಮೂರನೆಯದೆಂದರೆ ಕಚ್ಚಿದರೂ ವಿಷವಿಲ್ಲದ್ದು. ಹೀಗಾಗಿ ಯಾವ ಮದ್ದು ಕೊಟ್ಟರೂ, ಏನೂ ಕೊಡದಿದ್ದರೂ, ಹಾವು ಕಚ್ಚಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಬದುಕಿದವರು ವೈದ್ಯರ ಮನೆಗೆ ತೆಂಗಿನಕಾಯಿ ಹಿಡಿದು ಬರುತ್ತಾರೆ. ಸತ್ತವರ ಬಗ್ಗೆ ‘ತರುವಾಗಲೇ ಹೊತ್ತು ಮೀರಿತ್ತು’ ಎಂಬ ಮಾತು ಉಳಿಯುತ್ತದೆ. ಅಜ್ಜ ಮೋಸ ಮಾಡಿದರೆಂದು ಇದರ ಅರ್ಥವಲ್ಲ. ಯಾರಿಗೆ ವಿಷ ಏರಿತ್ತು, ಯಾರಿಗೆ ಏರಿರಲಿಲ್ಲ ಎಂದು ಬೇರ್ಪಡಿಸುವ ದಾರಿ ಅವರ ಕೈಯಲ್ಲಿರಲಿಲ್ಲ. ಬೇವಿನ ಸೊಪ್ಪು ಅಗಿಸಿ ಕಹಿ ತಿಳಿಯುತ್ತದೆಯೇ ಎಂದು ಕೇಳುವುದು, ಮೆಣಸಿನಕಾಳು ತಿನ್ನಿಸಿ ಖಾರ ಹತ್ತುತ್ತದೆಯೇ ಎಂದು ನೋಡುವುದು ನಮ್ಮಲ್ಲಿ ಇಂದಿಗೂ ಇದೆ. ಹೆದರಿದ ಮನುಷ್ಯನ ಬಾಯಿ ಒಣಗಿ ರುಚಿ ತಪ್ಪುವುದು ಸಹಜ. ಅದರಿಂದ ವಿಷದ ಲೆಕ್ಕ ಸಿಗುವುದಿಲ್ಲ.

ಈಗ ಸತ್ವದ ಪ್ರಶ್ನೆ. ಹಾವಿನ ವಿಷವೆಂದರೆ ಒಂದು ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ಕೆಲವು ನರ ಮತ್ತು ಸ್ನಾಯು ಕೂಡುವ ಜಾಗವನ್ನು ಹಿಡಿದು ಉಸಿರಾಟ ನಿಲ್ಲಿಸುತ್ತವೆ, ಕೆಲವು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಬರಿದು ಮಾಡುತ್ತವೆ, ಕೆಲವು ಕಚ್ಚಿದ ಜಾಗದ ಮಾಂಸವನ್ನೇ ಕರಗಿಸುತ್ತವೆ. ಹಯಲುರೋನಿಡೇಸ್ ಎಂಬ ಕಿಣ್ವವಂತೂ ಜೀವಕೋಶಗಳ ನಡುವಿನ ಅಂಟನ್ನು ಸಡಿಲಿಸಿ ಉಳಿದವುಗಳಿಗೆ ದಾರಿ ಮಾಡಿಕೊಡುತ್ತದೆ. ಈ ಕಿಣ್ವಗಳನ್ನು ತಡೆಯುವ ಅಂಶಗಳು ಗಿಡಗಳಲ್ಲಿವೆಯೇ ಎಂದು ಹುಡುಕಿದವರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿಗಳೂ ಇದ್ದಾರೆ. ನಾಚಿಕೆ ಮುಳ್ಳಿನ ಬೇರಿನ ಸಾರ ಹಾವಿನ ವಿಷದ ಹಯಲುರೋನಿಡೇಸನ್ನು ತಡೆಯುತ್ತದೆ ಎಂದು ಅವರು 2004ರಲ್ಲಿ ತೋರಿಸಿದರು. ಹುಣಸೆ ಬೀಜದ ಸಾರ ಮತ್ತು ಅಶ್ವಗಂಧದ ಒಂದು ಪ್ರೋಟೀನಿನ ಮೇಲೂ ಅಲ್ಲಿ ಕೆಲಸ ನಡೆದಿದೆ. ಕೋಲ್ಕತ್ತದ ವಿಜ್ಞಾನಿಗಳು ಸೊಗದೆ ಬೇರಿನಿಂದ, ಬ್ರೆಜಿಲಿನವರು ಗರುಗದ ಸೊಪ್ಪಿನಿಂದ ಇಂಥವೇ ಅಂಶಗಳನ್ನು ಬೇರ್ಪಡಿಸಿದ್ದಾರೆ. ಆದ್ದರಿಂದ ‘ಎಲ್ಲವೂ ಮೂಢನಂಬಿಕೆ’ ಎನ್ನುವವರ ಜೊತೆ ನಾನು ಸೇರುವುದಿಲ್ಲ.

ಆದರೆ ಈ ಪ್ರಯೋಗಗಳು ಹೇಗೆ ನಡೆದಿವೆ ಎಂಬುದನ್ನು ಗಮನಿಸಬೇಕು, ಏಕೆಂದರೆ ವಾಟ್ಸಾಪಿನಲ್ಲಿ ಬರುವ ಸಂದೇಶಗಳಲ್ಲಿ ಈ ಭಾಗ ಇರುವುದಿಲ್ಲ. ಇಂಥ ಬಹುಪಾಲು ಅಧ್ಯಯನಗಳಲ್ಲಿ ವಿಷವನ್ನೂ ಗಿಡದ ಸಾರವನ್ನೂ ಮೊದಲೇ ಪ್ರನಾಳದಲ್ಲಿ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಪರೀಕ್ಷಿಸುತ್ತಾರೆ ಅಥವಾ ಇಲಿಗೆ ಚುಚ್ಚುತ್ತಾರೆ. ಅಡಿಕೆ ಬೇಯಿಸುವ ಮನೆಯವರಾದ ನಿಮಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಅಡಿಕೆ ಬೇಯಿಸಿದ ನೀರಾದ ಚೊಗರು ನಾಲಿಗೆಗೆ ತಾಗಿದರೆ ಬಾಯೆಲ್ಲ ಒಗರಾಗಿ ಬಿಗಿದುಕೊಳ್ಳುವುದು ಅದರಲ್ಲಿರುವ ಟ್ಯಾನಿನ್ನುಗಳು ಎಂಜಲಿನ ಪ್ರೋಟೀನುಗಳನ್ನು ಹಿಡಿದು ಗಂಟು ಕಟ್ಟುವುದರಿಂದ. ಅನೇಕ ಬೇರು ತೊಗಟೆಗಳಲ್ಲಿ ಇದೇ ಗುಂಪಿನ ಅಂಶಗಳಿವೆ. ಪ್ರನಾಳದೊಳಗೆ ವಿಷದ ಪ್ರೋಟೀನು ಎದುರಿಗೆ ಸಿಕ್ಕಾಗ ಅವು ಅದನ್ನೂ ಹಾಗೆಯೇ ಗಂಟು ಹಾಕುತ್ತವೆ, ಕಿಣ್ವ ಕೆಲಸ ನಿಲ್ಲಿಸುತ್ತದೆ, ಇಲಿ ಬದುಕುತ್ತದೆ. ಮನುಷ್ಯನಿಗೆ ಹಾವು ಕಚ್ಚಿದಾಗ ವಿಷ ಇರುವುದು ಕಾಲಿನ ಅಥವಾ ಕೈಯ ಮಾಂಸದಲ್ಲಿ, ದುಗ್ಧರಸದಲ್ಲಿ, ರಕ್ತದಲ್ಲಿ. ಕುಡಿಸಿದ ಮದ್ದು ಇರುವುದು ಹೊಟ್ಟೆಯಲ್ಲಿ. ಅಲ್ಲಿ ಅದು ಎಂಜಲನ್ನೂ ಅಕ್ಕಚ್ಚನ್ನೂ ಕರುಳಿನ ಲೋಳೆಯನ್ನೂ ಹಿಡಿಯುತ್ತದೆ. ಅಲ್ಪಸ್ವಲ್ಪ ಒಳಗಿಳಿದರೂ ಯಕೃತ್ತು ಅದನ್ನು ಒಡೆದುಹಾಕುತ್ತದೆ. ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹುಡುಕಿ ಹಿಡಿಯುವಷ್ಟು ಪ್ರಮಾಣ ಅಲ್ಲಿಗೆ ತಲುಪುವುದೇ ಇಲ್ಲ. ಗಾಯಕ್ಕೆ ಹಚ್ಚಿದ ಲೇಪದ ಕಥೆಯೂ ಇಷ್ಟೇ, ಏಕೆಂದರೆ ಹಲ್ಲು ಇಳಿದ ಆಳಕ್ಕೆ ಚರ್ಮದ ಮೇಲಿನ ಲೇಪ ಇಳಿಯುವುದಿಲ್ಲ. ನಸುಗುನ್ನಿ ಬೀಜದ ವಿಷಯ ಇನ್ನೂ ಸ್ವಾರಸ್ಯಕರ. ಆಫ್ರಿಕದ ನೈಜೀರಿಯಾದಲ್ಲಿ ಹಾವಿನ ಕಡಿತಕ್ಕೆ ಬಳಸುವ ಈ ಬೀಜದ ಸಾರವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ ಅದು ಫಲ ಕೊಟ್ಟದ್ದು ಕಚ್ಚುವುದಕ್ಕೆ ವಾರಗಳ ಮೊದಲೇ ಕೊಟ್ಟಾಗ, ಲಸಿಕೆಯ ರೀತಿಯಲ್ಲಿ ದೇಹ ಪ್ರತಿಕಾಯ (ವಿಷವನ್ನು ಹಿಡಿದು ತಡೆಯುವ ಪ್ರೋಟೀನು) ತಯಾರಿಸಿಕೊಂಡಾಗ. ಕಚ್ಚಿದ ಮೇಲೆ ಅರೆದು ಕುಡಿಸುವವರಿಗೆ ಅದರಿಂದ ಪ್ರಯೋಜನವಿಲ್ಲ. ಮನುಷ್ಯರಲ್ಲಿ ಕ್ರಮಬದ್ಧವಾಗಿ ಪರೀಕ್ಷೆಯಾಗಿ, ಹಾವಿನ ವಿಷಕ್ಕೆ ಫಲಕಾರಿ ಎಂದು ಸಾಬೀತಾದ ಗಿಡಮೂಲಿಕೆ ಇಂದಿಗೂ ಒಂದೂ ಇಲ್ಲ.

ಇಷ್ಟಾದರೆ ‘ಫಲವಿಲ್ಲದಿದ್ದರೂ ಹಾನಿಯಿಲ್ಲವಲ್ಲ, ಕುಡಿಸಿದರೇನು’ ಎಂದು ನೀವು ಕೇಳಬಹುದು. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಮ್ಮ ಅಜ್ಜನ ಮೂರು ದ್ರವ್ಯಗಳನ್ನೇ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಸರ್ಪಗಂಧದ ಬೇರಿನಲ್ಲಿರುವುದು ರೆಸರ್ಪಿನ್ ಎಂಬ ಆಲ್ಕಲಾಯ್ಡ್. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು ಈ ಬೇರು ರಕ್ತದೊತ್ತಡ ಇಳಿಸುವುದನ್ನು 1949ರಲ್ಲಿ ಪ್ರಕಟಿಸಿದ ಮೇಲೆ ಅದು ಜಗತ್ತಿನ ಗಮನ ಸೆಳೆಯಿತು. 1952ರಲ್ಲಿ ರೆಸರ್ಪಿನ್ ಬೇರ್ಪಟ್ಟಿತು, ರಕ್ತದೊತ್ತಡದ ಚಿಕಿತ್ಸೆಯಲ್ಲಿ ದೀರ್ಘಕಾಲ ಬಳಕೆಯಾಯಿತು. ಅಂದರೆ ಇದು ಸತ್ವವಿರುವ ಗಿಡವೇ ಸರಿ. ಆದರೆ ಕೊಳಕುಮಂಡಲ ಕಚ್ಚಿದವನ ರಕ್ತದೊತ್ತಡ ವಿಷದಿಂದಲೇ ಕುಸಿಯುತ್ತಿರುತ್ತದೆ. ಅವನಿಗೆ ಒತ್ತಡ ಇಳಿಸುವ, ಮಂಪರು ತರುವ ಬೇರನ್ನು ಕುಡಿಸುವುದು ಯಾವ ಲೆಕ್ಕದಲ್ಲೂ ಒಳ್ಳೆಯದಲ್ಲ. ಮಂಪರು ವಿಷದ್ದೋ ಬೇರಿನದ್ದೋ ಎಂದು ತಿಳಿಯದೆ ನಾವೂ ಗೊಂದಲಕ್ಕೆ ಬೀಳುತ್ತೇವೆ.

ಅಂಕೋಲೆಯ ತೊಗಟೆ ವಾಂತಿ ಮಾಡಿಸುತ್ತದೆ. ಹಳಬರು ಅದನ್ನು ಬಳಸಿದ್ದೇ ವಾಂತಿಯಲ್ಲಿ ವಿಷ ಹೊರಹೋಗಲೆಂದು. ಹಾವಿನ ವಿಷ ಹೊಟ್ಟೆಯಲ್ಲಿರುವುದಿಲ್ಲ, ಹಾಗಾಗಿ ವಾಂತಿಯಲ್ಲಿ ಹೊರಬರುವುದೂ ಇಲ್ಲ. ನಾಗರ ಅಥವಾ ಕಟ್ಟುಹಾವು ಕಚ್ಚಿದಾಗ ಮೊದಲು ಸೋಲುವ ಸ್ನಾಯುಗಳಲ್ಲಿ ಕಣ್ಣಿನ ರೆಪ್ಪೆ ಮತ್ತು ಗಂಟಲಿನವು ಸೇರಿವೆ. ರೆಪ್ಪೆ ಜೋತುಬಿದ್ದು, ಎಂಜಲು ನುಂಗಲಾಗದೆ ಬಾಯಂಚಿನಲ್ಲಿ ಸುರಿಯುತ್ತಿರುವ ಮನುಷ್ಯನಿಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ವಿಷಕ್ಕೆ ಔಷಧ ಸಿಕ್ಕಿಯೂ ಈ ಕಾರಣದಿಂದ ನ್ಯುಮೋನಿಯಾ ಆಗಿ ನರಳಿದವರನ್ನು ನಾವು ನೋಡಿದ್ದೇವೆ. ಜೊತೆಗೆ, ಹೊಟ್ಟೆನೋವು ಮತ್ತು ವಾಂತಿ ವಿಷ ಏರುತ್ತಿರುವುದರ ಮೊದಲ ಸೂಚನೆಗಳೂ ಹೌದು. ಮದ್ದು ಕುಡಿಸಿ ವಾಂತಿ ಮಾಡಿಸಿದರೆ ಆ ಸೂಚನೆ ಕೆಟ್ಟುಹೋಗುತ್ತದೆ.

ಮೂರನೆಯದು, ನನಗೆ ಹೆಚ್ಚು ಭಯ ಹುಟ್ಟಿಸುವುದು, ಈಶ್ವರಿ ಬೇರು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಮೂತ್ರನಾಳದ ಕ್ಯಾನ್ಸರಿಗೆ ಕಾರಣವಾಗುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಇದೇ ಕುಲದ ಸಸ್ಯವೊಂದು ಬೆರೆತು, ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಆಮ್ಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಒಮ್ಮೆ ಕುಡಿದ ಮಾತ್ರಕ್ಕೆ ಹಾಗಾಗುತ್ತದೆಂದು ನಾನು ಹೆದರಿಸುವುದಿಲ್ಲ. ಆದರೆ ಮಂಡಲ ಜಾತಿಯ ಹಾವುಗಳ ವಿಷ ಮೊದಲು ಕೈಹಾಕುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಅದು ಪೆಟ್ಟು ತಿನ್ನುತ್ತಿರುವ ಹೊತ್ತಿನಲ್ಲೇ ಅದಕ್ಕೆ ಇನ್ನೊಂದು ವಿಷವನ್ನು ನಾವೇ ಕುಡಿಸುವುದು ಎಂಥ ಚಿಕಿತ್ಸೆ?

ಇದು ನಿಮ್ಮ ಕೆಲಸದವರ ಪ್ರಕರಣಕ್ಕೆ ನೇರವಾಗಿ ತಾಗುವ ವಿಷಯ. ಹಾವನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೂ ಬೇಸಿಗೆ, ಸೊಪ್ಪಿನ ಬೆಟ್ಟ, ದರಕಿನ ರಾಶಿ, ಬೆರಳಿಗೆ ಕಡಿತ, ಗಿಡ್ಡ ಕಂದು ಹಾವು, ಇಂಜೆಕ್ಷನ್ ಹಿಡಿಯದು ಎಂದ ವೈದ್ಯರ ಮಾತು, ಇವೆಲ್ಲ ಸೇರಿದರೆ ಮೊದಲು ನೆನಪಾಗುವುದು ಗೂನುಮೂಗಿನ ಗುಳಿಮಂಡಲ. ಒಣಗಿದ ಎಲೆಯ ಬಣ್ಣವೇ ಅದರ ಬಣ್ಣ. ಅದು ಓಡಿಹೋಗುವುದಿಲ್ಲ, ಸುರುಳಿಯಾಗಿ ಕುಳಿತೇ ಇರುತ್ತದೆ, ಬರಿಗೈಯಲ್ಲಿ ದರಕು ಬಾಚುವವರಿಗೆ ಕಚ್ಚುತ್ತದೆ. ಕಚ್ಚಿದ ಜಾಗ ಬಾತು ಕೊಳೆಯುವುದು, ಕೆಲವರಲ್ಲಿ ರಕ್ತ ಹೆಪ್ಪುಗಟ್ಟದಿರುವುದು, ಮೂತ್ರಪಿಂಡ ಸೋಲುವುದು ಇದರ ಲಕ್ಷಣ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷವನ್ನು, ಅಂದರೆ ನೀವು ಇಂಜೆಕ್ಷನ್ ಎನ್ನುವ ಔಷಧವನ್ನು, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಗುಳಿಮಂಡಲಗಳ ಮೇಲೆ ಅದನ್ನು ನೆಚ್ಚುವಂತಿಲ್ಲ. ಹಾಗಾಗಿ ಆ ವೈದ್ಯರು ನಿಮಗೆ ಹೇಳಿದ್ದು ಸರಿಯೇ.

‘ಇಂಜೆಕ್ಷನ್ನೂ ಇಲ್ಲದ ಮೇಲೆ ಆಸ್ಪತ್ರೆಯೇಕೆ’ ಎಂಬ ತರ್ಕ ಇಲ್ಲಿ ಹುಟ್ಟುತ್ತದೆ, ಹುಟ್ಟುವುದು ಸಹಜವೂ ಹೌದು. ಆದರೆ ಇಂಥ ಕಡಿತದಲ್ಲೇ ಆಸ್ಪತ್ರೆ ಹೆಚ್ಚು ಬೇಕು. ಮೂತ್ರದ ಪ್ರಮಾಣ ಅಳೆಯುವುದು, ಸ್ವಚ್ಛ ಒಣ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷದಲ್ಲಿ ಹೆಪ್ಪುಗಟ್ಟಿತೇ ಎಂದು ನೋಡಿ ಅದನ್ನು ಮತ್ತೆ ಮತ್ತೆ ಮಾಡುವುದು, ಬೇಕಾದರೆ ಡಯಾಲಿಸಿಸ್‌ಗೆ ಸಕಾಲದಲ್ಲಿ ಸೇರಿಸುವುದು, ಕೊಳೆತ ಅಂಗಾಂಶವನ್ನು ತೆಗೆಯುವುದು, ಇವನ್ನು ಮನೆಯಲ್ಲಿ ಮಾಡಲಾಗದು. ಬೆರಳಿನ ತುದಿ ಹೋದದ್ದರಲ್ಲಿ ವಿಷದ ಪಾಲೆಷ್ಟು, ಸಂಜೆಯವರೆಗೆ ಬಿಗಿದಿದ್ದ ಹಗ್ಗದ ಪಾಲೆಷ್ಟು ಎಂದು ಈಗ ಹೇಳುವುದು ಕಷ್ಟ, ಆದರೆ ಹಗ್ಗದ ಪಾಲು ಇರಲೇಬೇಕು. ಮಾಂಸ ಕರಗಿಸುವ ವಿಷವನ್ನು ಕೈಯ ತುದಿಯಲ್ಲೇ ಕೂಡಿಟ್ಟು, ಅಲ್ಲಿಗೆ ಬರುವ ರಕ್ತವನ್ನೂ ನಿಲ್ಲಿಸಿದಂತಾಯಿತು. ಬಿಗಿಯಾಗಿ ಕಟ್ಟುವ ಕ್ರಮ ಪ್ರಾಚೀನ ಗ್ರಂಥಗಳಲ್ಲಿಯೂ ಇತ್ತು, ಕೆಲವು ದಶಕಗಳ ಹಿಂದಿನ ಶಾಲಾ ಪಾಠಗಳಲ್ಲಿಯೂ ಇತ್ತು. ಈಗ ಅದನ್ನು ಕೈಬಿಟ್ಟಿದ್ದೇವೆ. ಕೊಯ್ದು ರಕ್ತ ಹರಿಸುವುದು, ಬಾಯಲ್ಲಿ ಹೀರುವುದು, ವಿಷಕಲ್ಲು ಅಂಟಿಸುವುದು ಇವೆಲ್ಲ ಅದೇ ಸಾಲಿನವು.

ಇನ್ನು ಇಂಜೆಕ್ಷನ್ನಿನ ಭಯ. ಅದರಲ್ಲಿ ಸತ್ಯಾಂಶವಿದೆ, ಮುಚ್ಚಿಡುವುದಿಲ್ಲ. ಕುದುರೆಗೆ ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಶುದ್ಧೀಕರಿಸಿದರೆ ಪ್ರತಿವಿಷವಾಗುತ್ತದೆ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ಆರಂಭಿಸಿದ ಕ್ರಮವೇ ಇಂದಿಗೂ ಮೂಲದಲ್ಲಿ ಉಳಿದಿದೆ. ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗುವುದಿಲ್ಲ. ತುರಿಕೆ, ದದ್ದು, ಚಳಿ ಸಾಮಾನ್ಯ. ಕೆಲವರಲ್ಲಿ ಉಸಿರು ಕಟ್ಟಿ ರಕ್ತದೊತ್ತಡ ಬೀಳುವಷ್ಟು ತೀವ್ರವಾದ ಪ್ರತಿಕ್ರಿಯೆಯೂ ಆಗುತ್ತದೆ. ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಇದೆ, ಅದನ್ನು ಸಿದ್ಧವಿಟ್ಟುಕೊಂಡೇ ಪ್ರತಿವಿಷದ ಬಾಟಲಿ ತೂಗುಹಾಕುತ್ತೇವೆ. ಒಂದೆರಡು ವಾರದ ನಂತರ ಜ್ವರ, ಕೀಲುನೋವು ಬರುವುದೂ ಉಂಟು. ಅದೂ ಚಿಕಿತ್ಸೆಗೆ ಬಗ್ಗುತ್ತದೆ. ವಿಷ ಏರಿದವನಿಗೆ ಈ ಅಪಾಯಕ್ಕಿಂತ ವಿಷದ ಅಪಾಯ ಬಹಳ ದೊಡ್ಡದು.

ಬಾಟಲಿಗಳ ಸಂಖ್ಯೆ ಕೇಳಿ ಮನೆಯವರು ಗಾಬರಿಯಾಗುತ್ತಾರೆ, ಅದರ ಲೆಕ್ಕ ಹೇಳುತ್ತೇನೆ. ಕೊಳಕುಮಂಡಲ ಒಮ್ಮೆ ಕಚ್ಚಿದರೆ ಸರಾಸರಿ 60 ಮಿಲಿಗ್ರಾಂ ಆಸುಪಾಸು ವಿಷ ಸೇರುತ್ತದೆ. ಒಂದು ಮಿಲಿಲೀಟರ್ ಪ್ರತಿವಿಷ ತಟಸ್ಥಗೊಳಿಸುವುದು 0.6 ಮಿಲಿಗ್ರಾಂ ವಿಷವನ್ನು. ಒಂದು ಬಾಟಲಿಯಲ್ಲಿ 10 ಮಿಲಿಲೀಟರ್. ಆದ್ದರಿಂದಲೇ ಆರಂಭದಲ್ಲಿ 8ರಿಂದ 10 ಬಾಟಲಿ ಕೊಡುತ್ತೇವೆ, ಮಗುವಿಗೂ ಅಷ್ಟೇ ಕೊಡುತ್ತೇವೆ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಇದನ್ನು ಓದಿದ ಮೇಲೆ ಒಂದು ತುಂಡು ಬೇರನ್ನು ಅಕ್ಕಚ್ಚಿನಲ್ಲಿ ತೇಯ್ದರೆ ಎಷ್ಟು ಮಿಲಿಗ್ರಾಂ ಸತ್ವ ರಕ್ತ ಸೇರೀತು ಎಂದು ನೀವೇ ಯೋಚಿಸಬಹುದು. ವಿಷದ ಲಕ್ಷಣ ಕಾಣದಿದ್ದರೆ ನಾವು ಪ್ರತಿವಿಷ ಕೊಡುವುದಿಲ್ಲ, 24 ಗಂಟೆ ಇಟ್ಟುಕೊಂಡು ನೋಡುತ್ತೇವೆ. ‘ಇಂಜೆಕ್ಷನ್ ಕೊಡದೆ ಸುಮ್ಮನೆ ಮಲಗಿಸಿದ್ದಾರೆ’ ಎಂದು ಜಗಳವಾಗುವುದು ಆಗಲೇ. ಆ ಮಲಗಿಸುವುದೂ ಚಿಕಿತ್ಸೆಯ ಭಾಗವೆಂದು ದಯವಿಟ್ಟು ತಿಳಿಯಿರಿ. ಕಟ್ಟುಹಾವಿನ ಕಡಿತ ಇದಕ್ಕೆ ಒಳ್ಳೆಯ ಉದಾಹರಣೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ, ನೋವೂ ಇಲ್ಲ, ಬಾವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರಿಗೆ ಕಣ್ಣು ತೆರೆಯಲಾಗುವುದಿಲ್ಲ. ಅದರ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ತಡವಾಗಿ ಕೊಟ್ಟ ಪ್ರತಿವಿಷವೂ ಸೋಲುತ್ತದೆ. ನರದ ತುದಿ ಮತ್ತೆ ಚಿಗುರುವವರೆಗೆ ಯಂತ್ರದ ಉಸಿರಿನಲ್ಲಿ ದಿನಗಟ್ಟಲೆ ಇಡಬೇಕಾಗುತ್ತದೆ. ಕೈಕಾಲು ಅಲುಗಿಸದೆ, ರೆಪ್ಪೆ ತೆರೆಯದೆ ಮಲಗಿದ ಆ ರೋಗಿಗೆ ಸುತ್ತಲಿನವರ ಮಾತು ಕೇಳುತ್ತಿರುತ್ತದೆ. ‘ಸತ್ತವರನ್ನು ಬೇರು ಬದುಕಿಸಿತು’ ಎಂಬ ಕಥೆಗಳಲ್ಲಿ ಕೆಲವು ಇಂಥವರದ್ದೇ ಇರಬೇಕೆಂದು ನನ್ನ ಊಹೆ.

ಕರಾವಳಿಯ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಬಲೆಯಿಂದ ಮೀನು ಬಿಡಿಸುವಾಗ ಕಡಲ ಹಾವು ಕಚ್ಚುವುದುಂಟು. ಅದಕ್ಕೂ ನಮ್ಮ ಪ್ರತಿವಿಷ ಕೆಲಸ ಮಾಡುವುದಿಲ್ಲ. ಮೈಕೈ ನೋವು, ದವಡೆ ಬಿಗಿತ, ಕಪ್ಪು ಮೂತ್ರ ಕಂಡರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗಿದೆ ಎಂದರ್ಥ. ಅಂಥವರನ್ನು ಡಯಾಲಿಸಿಸ್ ಇರುವ ಆಸ್ಪತ್ರೆಗೇ ಸೇರಿಸಬೇಕು. ಈಶ್ವರಿ ಬೇರಿನ ಬಗ್ಗೆ ಮೇಲೆ ಹೇಳಿದ್ದು ಇಲ್ಲಿ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ.

ಹಾಗಾದರೆ ಆ ಎರಡು ಗಂಟೆಯಲ್ಲಿ ಮಾಡುವುದೇನು? ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕಂಬಳಿಯನ್ನು ಜೋಲಿ ಮಾಡಿಯಾದರೂ ಜೀಪಿನವರೆಗೆ ಹೊತ್ತು ತನ್ನಿ, ಏಕೆಂದರೆ ಸ್ನಾಯು ಅಲುಗಿದಷ್ಟೂ ವಿಷ ದುಗ್ಧರಸದೊಂದಿಗೆ ಮೇಲೇರುತ್ತದೆ. ಕೈ ಅಥವಾ ಕಾಲಿಗೆ ಅಡಿಕೆ ದಬ್ಬೆಯನ್ನೋ ಕೋಲನ್ನೋ ಇಟ್ಟು, ಮೂಳೆ ಮುರಿದಾಗ ಕಟ್ಟುವಂತೆ ಸಡಿಲವಾಗಿ ಕಟ್ಟಿ. ಉಂಗುರ, ಬಳೆ, ಕಾಲುಂಗುರ, ಗಡಿಯಾರವನ್ನು ಬಾವು ಏರುವ ಮೊದಲೇ ತೆಗೆಯಿರಿ. ಯಾರಾದರೂ ಆಗಲೇ ಹಗ್ಗ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ನುಗ್ಗಬಹುದಾದ್ದರಿಂದ ಅದನ್ನು ಆಸ್ಪತ್ರೆಯಲ್ಲಿ, ಔಷಧ ಸಿದ್ಧವಿಟ್ಟುಕೊಂಡೇ ಬಿಚ್ಚಬೇಕು. ವಾಂತಿ ಬರುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. ನಿದ್ದೆ ಮಾಡಲು ಬಿಡಬಾರದೆಂದು ಹೊಡೆದು ಎಬ್ಬಿಸುವುದು, ಓಡಾಡಿಸುವುದು ಬೇಡ. ಉಸಿರು ನಿಧಾನವಾಗಿ ನಿಲ್ಲುವಂತೆ ಕಂಡರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಬನ್ನಿ, ನಾಗರ ಮತ್ತು ಕಟ್ಟುಹಾವಿನ ಕಡಿತದಲ್ಲಿ ಜೀವ ಉಳಿಸುವುದು ಅದೇ. ಹಾವನ್ನು ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡು ಬರುವುದು ಬೇಡ. ದೂರದಿಂದ ಮೊಬೈಲಿನಲ್ಲಿ ಒಂದು ಚಿತ್ರ ಸಿಕ್ಕರೆ ಸಾಕು. ಆಸ್ಪತ್ರೆಯ ಬಾಗಿಲಲ್ಲಿ ‘ಹುಳ ಮುಟ್ಟಿದೆ’ ಎನ್ನದೆ ಹಾವೆಂದೇ ಹೇಳಿ, ಯಾವಾಗ ಕಚ್ಚಿತು, ಏನೇನು ಕುಡಿಸಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ. ನಾವು ಬೈಯುತ್ತೇವೆಂದು ಮದ್ದಿನ ವಿಷಯ ಮುಚ್ಚಿಡುವುದರಿಂದಲೇ ಕೆಲವೊಮ್ಮೆ ಚಿಕಿತ್ಸೆ ದಾರಿ ತಪ್ಪುತ್ತದೆ. ನಮ್ಮ ರಾಜ್ಯದಲ್ಲಿ 2024ರಿಂದ ಹಾವಿನ ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಗಿದೆ. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಮಂದಿ ಹಾವು ಕಚ್ಚಿ ಸಾಯುತ್ತಾರೆಂಬ ಅಂದಾಜಿದೆ. ಆ ಸಾವುಗಳಲ್ಲಿ ಬಹುಪಾಲು ಆಸ್ಪತ್ರೆಯ ಹೊರಗೇ ಆಗುತ್ತವೆ.

ಗಿಡಗಳಿಂದ ಮುಂದೇನೂ ಬರುವುದಿಲ್ಲವೇ ಎಂದರೆ, ಬರಬಹುದು. ಪ್ರತಿವಿಷದ ದೊಡ್ಡ ಪ್ರತಿಕಾಯಗಳು ಕಚ್ಚಿದ ಜಾಗದ ಮಾಂಸದೊಳಗೆ ಬೇಗ ಇಳಿಯುವುದಿಲ್ಲ, ಅದಕ್ಕೇ ಪ್ರಾಣ ಉಳಿದರೂ ಬೆರಳು ಹೋಗುತ್ತದೆ. ಅಲ್ಲಿಗೆ ಸಣ್ಣ ಅಣುಗಳು ಬೇಕು. ವಿಷದ ಫಾಸ್ಫೊಲಿಪೇಸ್ ಎಂಬ ಕಿಣ್ವವನ್ನು ತಡೆಯುವ ವರೆಸ್‌ಪ್ಲಾಡಿಬ್ ಎಂಬ ಗುಳಿಗೆಯನ್ನು ಭಾರತದ ಆಸ್ಪತ್ರೆಗಳಲ್ಲೂ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ. ಅದು ಗಿಡದಿಂದ ಬಂದದ್ದಲ್ಲ, ಅದರ ಫಲಿತಾಂಶವೂ ಇನ್ನೂ ನಿರ್ಣಾಯಕವಲ್ಲ, ಆದರೆ ಮನೆಯಲ್ಲೇ ನುಂಗಿ ಆಸ್ಪತ್ರೆಗೆ ಹೊರಡಬಹುದಾದ ಔಷಧದ ಹುಡುಕಾಟ ಆ ದಿಕ್ಕಿನಲ್ಲಿದೆ. ನಾಚಿಕೆ ಮುಳ್ಳಿನಲ್ಲೋ ಸೊಗದೆ ಬೇರಿನಲ್ಲೋ ಅಂಥ ಅಣು ಸಿಕ್ಕರೆ ನನಗೆ ಆಶ್ಚರ್ಯವಾಗದು. ಹಾಲಕ್ಕಿಗಳು, ಸಿದ್ದಿಗಳು, ಕುಣಬಿಗಳು, ನಿಮ್ಮ ಅಜ್ಜನಂಥವರು ಕೂಡಿಟ್ಟ ತಿಳಿವಳಿಕೆ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನು ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯಲ್ಲಿ ಬರೆಸಿಡಿ. ಯಾವ ಗಿಡ, ಯಾವ ಭಾಗ, ಯಾವ ಕಾಲದಲ್ಲಿ ತೆಗೆಯುತ್ತಿದ್ದರು ಎಂಬುದೆಲ್ಲ ಅದರಲ್ಲಿರಲಿ.

ಕೊನೆಯದಾಗಿ ತೋಟದ ಅಂಚಿನ ಗಿಡಗಳು. ಸರ್ಪಗಂಧ ಕಾಡಿನಲ್ಲಿ ಅತಿಯಾಗಿ ಕಿತ್ತು ಅಪರೂಪವಾಗಿರುವುದರಿಂದ ಉಳಿಸಿ ಬೆಳೆಸುವುದು ಒಳ್ಳೆಯದೇ, ಆದರೆ ಮನೆಮದ್ದಿಗಲ್ಲ. ಈಶ್ವರಿ ಬಳ್ಳಿಯನ್ನು ಬೇಲಿಗೆ ಹಬ್ಬಿಸಿದರೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬಂದು ಮೊಟ್ಟೆಯಿಡುತ್ತದೆ. ಅದರ ಹುಳು ಆ ಬಳ್ಳಿಯ ವಿಷವನ್ನೇ ಮೈಯಲ್ಲಿ ತುಂಬಿಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಚಿಟ್ಟೆಗಾಗಿ ಧಾರಾಳವಾಗಿ ಬೆಳೆಸಿ, ಮಕ್ಕಳ ಕೈಗೂ ದನದ ಬಾಯಿಗೂ ಸಿಗದಂತೆ ನೋಡಿಕೊಳ್ಳಿ. ಹಾವಿನ ಕಡಿತಕ್ಕಾಗಿಯೇ ಏನಾದರೂ ಸಿದ್ಧತೆ ಮಾಡಬೇಕೆಂದಿದ್ದರೆ, ಆ ಹಣದಲ್ಲಿ ದರಕು ಬಾಚುವವರಿಗೆ ದಪ್ಪ ಕೈಗವಸು, ಮೊಣಕಾಲಿನವರೆಗಿನ ಗಮ್‌ಬೂಟು ಮತ್ತು ಬಿದಿರಿನ ಉದ್ದ ಕೈಯ ಕುಂಟೆ ತನ್ನಿ. ನೆಲದ ಮೇಲೆ ಮಲಗುವವರಿಗೆ ಸೊಳ್ಳೆಪರದೆಯನ್ನು ಚಾಪೆಯಡಿ ಮಡಚಿ ಹಾಕಿಸಿ, ಕಟ್ಟುಹಾವು ಒಳಗೆ ಬರದಂತೆ ತಡೆಯುವ ಅಗ್ಗದ ದಾರಿ ಅದು. ಮುಂಗಾರು ಶುರುವಾಗುವ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪ್ರತಿವಿಷದ ಬಾಟಲಿಗಳು ಎಷ್ಟಿವೆ, ರಾತ್ರಿ ವೈದ್ಯರು ಇರುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇಲ್ಲವೆಂದಾದರೆ ನೇರವಾಗಿ ತಾಲೂಕು ಆಸ್ಪತ್ರೆಗೆ ಹೊರಡುವುದೆಂದು ಈಗಲೇ ನಿರ್ಧರಿಸಿ, ಊರಿನಲ್ಲಿ ಜೀಪಿರುವ ಇಬ್ಬರ ಫೋನ್ ನಂಬರನ್ನೂ 108ನ್ನೂ ಅಡುಗೆಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಆಂಬ್ಯುಲೆನ್ಸ್ ಡಾಂಬರು ರಸ್ತೆಯವರೆಗಷ್ಟೇ ಬರುವುದಾದರೆ ಜೀಪು ಅದನ್ನು ಎಲ್ಲಿ ಕೂಡಬೇಕು ಎಂಬುದನ್ನೂ ಆ ಇಬ್ಬರ ಜೊತೆ ಮೊದಲೇ ಮಾತಾಡಿಕೊಂಡಿರಿ.